ವರ್ಲಿನ್ ಓಕ್ಸ್‌ನ ಅಸಲಿ ಸಹಿ

ಆ ಕಾರ್ಡು ವಾಪಸು ಬಂದ ದಿನ ಅಪ್ಪ ಅಡುಗೆಮನೆಯ ಮೇಜಿನ ಮುಂದೆ ಕೂತು, ಹತ್ತಿಯ ಉಂಡೆಗೆ ಮಕ್ಕಳ ಪೌಡರ್ ಮುಟ್ಟಿಸಿಕೊಂಡು ಕಾರ್ಡುಗಳ ಮುಖ ಉಜ್ಜುತ್ತಿದ್ದ. ಈಗಿನವರು ಹಳೇ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡುಗಳನ್ನೂ ಹೊಳೆಯುವ ಕಾಗದದ ಮೇಲೆ ಅಚ್ಚು ಹಾಕುತ್ತಾರೆ. ಹೊಳಪು ತೆಗೆಯದೆ ಸಹಿ ಮಾಡಿದರೆ ಶಾಯಿ ನಿಲ್ಲುವುದಿಲ್ಲ, ಹನಿಹನಿಯಾಗಿ ಸರಿದುಹೋಗುತ್ತದೆ. ಈ ಪೌಡರಿನ ಉಪಾಯವನ್ನು ಯಾರೋ ಕಾರ್ಡು ಸಂಗ್ರಾಹಕ ಕಾಗದ ಬರೆದು ಅಪ್ಪನಿಗೆ ಕಲಿಸಿದ್ದ. ಅಂದಿನಿಂದ ನಮ್ಮ ಅಡುಗೆಮನೆ ಬಾಣಂತಿ ಕೋಣೆಯ ಹಾಗೆ ಘಮಘಮಿಸುತ್ತಿತ್ತು, ನನ್ನ ಕಾಫಿಯಲ್ಲೂ ಅದೇ ವಾಸನೆ.

ಅಂದಿನ ಅಂಚೆಯಲ್ಲಿ ಬಂದ ಲಕೋಟೆಯೊಂದನ್ನು ಒಡೆದ ಅಪ್ಪ ಹತ್ತಿಯ ಉಂಡೆ ಪಕ್ಕಕ್ಕಿಟ್ಟ. ಒಳಗಿದ್ದದ್ದು ಹೋದ ತಿಂಗಳು ಅವನೇ ಸಹಿ ಹಾಕಿ ಕಳಿಸಿದ್ದ ಕಾರ್ಡು, ಜೊತೆಗೊಂದು ಚೀಟಿ. ಕೊಕೊಮೊ ಊರಿನ ಡ್ವೈಟ್ ಸ್ಟಾಬ್ ಎಂಬಾತ ಬರೆದಿದ್ದ. ವರ್ಲಿನ್ ಓಕ್ಸ್ ಅವರ, ಅಂದರೆ ನನ್ನ ಅಪ್ಪನ, ಸಹಿ ಹೇಗಿರುತ್ತದೆಂದು ತನಗೆ ಚೆನ್ನಾಗಿ ಗೊತ್ತು, ಇದು ಅವರದಲ್ಲ, ಮುದುಕರ ಹೆಸರಿನಲ್ಲಿ ಮನೆಯಲ್ಲಿ ಯಾರೋ ಗೀಚಿ ಕಳಿಸುತ್ತಿದ್ದಾರೆ, ಅವರಿಗೆ ನಾಚಿಕೆಯಾಗಬೇಕು ಎಂದಿತ್ತು. ಮನೆಯಲ್ಲಿರುವುದು ನಾವಿಬ್ಬರೇ. ಹಾಗಾಗಿ ಆ ಯಾರೋ ಅಂದರೆ ನಾನು, ಟ್ವೈಲಾ, ದನದ ಡಾಕ್ಟರ ಆಸ್ಪತ್ರೆಯಲ್ಲಿ ನಾಯಿ ಬೆಕ್ಕುಗಳ ಹೆಸರು ಕೂಗಿ ಒಳಗೆ ಕಳಿಸುವ ಕೆಲಸದವಳು. ನನ್ನ ಮೈಯೆಲ್ಲ ಉರಿದುಹೋಯಿತು. ಆ ಡ್ವೈಟನಿಗೆ ಏನೇನು ಬರೆಯಬೇಕೆಂದು ಬಾಯಲ್ಲೇ ಹೇಳತೊಡಗಿದೆ, ಅಷ್ಟೂ ಅಚ್ಚು ಹಾಕಲಾಗದ ಮಾತು.

ಅಪ್ಪ ನನ್ನ ಕಡೆ ನೋಡಲೇ ಇಲ್ಲ. ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡುತ್ತಿದ್ದ.

"ಇದು ನಾನೇ ಬರ್ದಿದ್ದು ಅಲ್ವಾ, ಟ್ವೈಲಾ?" ಅಂದ.

"ನೀನೇ ಅಪ್ಪಾ. ಇದೇ ಮೇಜಿನ ಮೇಲೆ. ನಾನು ಬಟಾಣಿ ಸುಲೀತಾ ಕೂತಿದ್ದೆ."

"ಹೂಂ. ಹಾಗಂತ ನಾನೂ ಅಂದ್ಕೊಂಡೆ," ಅಂದ. ಮಧ್ಯಾಹ್ನ ಸೂಪು ಮುಟ್ಟಲಿಲ್ಲ.

ನನ್ನನ್ನು ಕಾಡಿದ್ದು ಆ ಚೀಟಿಯಲ್ಲ, ಆ ಪ್ರಶ್ನೆ.

ಅಪ್ಪ ಎಪ್ಪತ್ತರ ದಶಕದಲ್ಲಿ ಆರು ವರ್ಷ ದೊಡ್ಡ ತಂಡಗಳಲ್ಲಿ ಚೆಂಡೆಸೆದವನು. ದೊಡ್ಡ ಹೆಸರೇನೂ ಅಲ್ಲ. ಮೊದಲ ಎಸೆತಗಾರ ಸುಸ್ತಾದ ಮೇಲೆ ಕರೆಯುವ ಆಸಾಮಿ. ಆದರೂ ಅವನ ಕಾರ್ಡುಗಳಿವೆ, ಕಾರ್ಡು ಇದ್ದಮೇಲೆ ಅದರ ಮೇಲೆ ಸಹಿ ಬೇಕೆನ್ನುವ ಜನ ಇದ್ದೇ ಇರುತ್ತಾರೆ. ಕಾರ್ಡಿನ ಜೊತೆ ವಿಳಾಸ ಬರೆದು ಸ್ಟಾಂಪು ಅಂಟಿಸಿದ ಖಾಲಿ ಲಕೋಟೆಯನ್ನೂ ಇಟ್ಟು ಕಳಿಸುತ್ತಾರೆ, ಆಟಗಾರ ಸಹಿ ಹಾಕಿ ಅದರಲ್ಲಿ ತುಂಬಿಸಿ ವಾಪಸು ಹಾಕಬೇಕು. ಆಡುವ ಕಾಲದಲ್ಲಿ ಅಪ್ಪನಿಗೆ ಇದೆಲ್ಲ ಕಂಡರೆ ಆಗುತ್ತಿರಲಿಲ್ಲ. ಮೈದಾನದ ಬೇಲಿಗೆ ಜೋತುಬಿದ್ದ ಹುಡುಗರ ಮುಂದೆ ತಲೆ ತಗ್ಗಿಸಿಕೊಂಡು ಹೋಗಿಬಿಡುತ್ತಿದ್ದ. ಮನೆಗೆ ಬಂದದ್ದನ್ನೆಲ್ಲ ಹಾಗೇ ಖಾಲಿ ವಾಪಸು ಕಳಿಸು ಎಂದು ಅಮ್ಮನಿಗೆ ಹೇಳಿಬಿಟ್ಟಿದ್ದ. ಅಂಚೆಯ ಉಸಾಬರಿ ನಲವತ್ತು ವರ್ಷ ಅಮ್ಮನದೇ ಆಗಿತ್ತು.

ನನ್ನ ಅಮ್ಮ ನೇಡೀನ್. ಮನ್ಸಿ ಊರಿನ ನಮ್ಮ ಬೀದಿಯ ಮಕ್ಕಳನ್ನೆಲ್ಲ, ಹುಡುಗರಾಗಲಿ ಹುಡುಗಿಯರಾಗಲಿ, "ಮೊಂಡ" ಎಂದೇ ಕರೆಯುತ್ತಿದ್ದಳು. ಅವಳು ತೀರಿಹೋಗಿ ಎರಡು ಚಳಿಗಾಲ ಕಳೆದಿತ್ತು. ಒಲೆಯ ಮೇಲಿನ ಹಲಗೆಯಲ್ಲಿ ಅವಳ ಡಬ್ಬಿಗಳು ಹಾಗೇ ಇದ್ದವು, ಹಿಟ್ಟು, ಸಕ್ಕರೆ, ಓಟ್ಸ್ ಎಂದು ಅವಳೇ ಬರೆದು ಅಂಟಿಸಿದ ಪಟ್ಟಿಗಳ ಸಮೇತ. ನಾನು ಹೊಸ ಡಬ್ಬಿ ತಂದಾಗ ಅಪ್ಪ ಆ ಹೊಸವನ್ನೇ ಗ್ಯಾರೇಜಿಗೆ ಒಯ್ದು ಮೊಳೆ ತುಂಬಿಸಿದ. ಅವಳ ಅಂತ್ಯಕ್ರಿಯೆ ಮುಗಿದ ವಾರ ಒಂದು ಲಕೋಟೆ ಬಂತು. ಒಡೆಯಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅಪ್ಪನೇ ಒಡೆದ. ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದು ಆಮೇಲೆ ಸಹಿ ಹಾಕಿದ. ಅಲ್ಲಿಂದಾಚೆ ಅದೇ ಅವನ ದಿನಚರಿಯಾಯಿತು. ಬೆಳಗ್ಗೆ ಎದ್ದು ಗಡ್ಡ ಹೆರೆದುಕೊಳ್ಳಲು ಅವನಿಗೊಂದು ಕಾರಣ ಸಿಕ್ಕಿತ್ತು, ಅದಕ್ಕೇ ಪೌಡರ್ ವಾಸನೆಯನ್ನೂ ನಾನು ಹಲ್ಲು ಕಚ್ಚಿ ಸಹಿಸಿಕೊಂಡಿದ್ದೆ.

ತೊಂದರೆ ಶುರುವಾದದ್ದು ಆ ಕಾಗದಗಳಿಂದ. ಕಾರ್ಡಿನ ಜೊತೆ ಜನ ನಾಲ್ಕು ಸಾಲು ಬರೆಯುತ್ತಾರಲ್ಲ, ಅದರಲ್ಲಿ ಆಗಾಗ ಒಬ್ಬ, ನಾನು ಚಿಕ್ಕವನಿದ್ದಾಗ ನೀವು ಸಹಿ ಹಾಕಿ ಕಳಿಸಿದ್ದಿರಿ, ಇವತ್ತಿಗೂ ಇಟ್ಟುಕೊಂಡಿದ್ದೇನೆ ಎಂದು ಬರೆಯುತ್ತಿದ್ದ. ಅಪ್ಪ ಮೊದಮೊದಲು ನಕ್ಕು, ಇವನು ಬೇರೆ ಯಾರನ್ನೋ ನೆನೆಸಿಕೊಂಡಿದ್ದಾನೆ ಅನ್ನುತ್ತಿದ್ದ. ಮೂರನೆಯವನು, ನಾಲ್ಕನೆಯವನು ಬರೆದ ಮೇಲೆ ನಗು ನಿಂತಿತು. ತಾನು ಒಂದೇ ಒಂದು ಕಾರ್ಡಿಗೂ ಸಹಿ ಹಾಕಿದ ನೆನಪಿಲ್ಲ, ಇಷ್ಟು ಜನ ಸುಳ್ಳು ಹೇಳುತ್ತಾರೆಯೇ ಎಂದು ನನ್ನನ್ನೇ ಕೇಳಿದ. ಏನು ಹೇಳಲಿ? ಆ ಚಳಿಗಾಲದಲ್ಲಿ ಅಂಗಡಿಯ ಮುಂದೆ ನಿಲ್ಲಿಸಿದ ಟ್ರಕ್ಕನ್ನು ಹುಡುಕಲಾಗದೆ ಅವನು ಹಿಮದಲ್ಲಿ ಅಲೆದಿದ್ದ. ಒಲೆ ಆರಿಸದೆ ಮಲಗಿದ್ದೂ ಉಂಟು. ನಮ್ಮ ಅಜ್ಜಿ, ಅಂದರೆ ಅವನ ತಾಯಿ, ಕೊನೆಗಾಲದಲ್ಲಿ ಕನ್ನಡಿಯಲ್ಲಿದ್ದ ತನ್ನನ್ನೇ ಯಾರಮ್ಮ ನೀನು ಎಂದು ಕೇಳುತ್ತಿದ್ದಳು. ನಾನು ಗುಟ್ಟಾಗಿ ಮೆದುಳಿನ ಡಾಕ್ಟರಿಗೆ ಫೋನು ಮಾಡಿ ದಿನ ಗೊತ್ತುಮಾಡಿಸಿದ್ದೆ. ಅಪ್ಪನಿಗೆ ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ಡ್ವೈಟ್ ಸ್ಟಾಬ್ ಚೀಟಿ ಬರೆದು ಸುಮ್ಮನಾಗುವ ಪೈಕಿಯಲ್ಲ. ಸಂಗ್ರಾಹಕರು ಅಂತರ್ಜಾಲದಲ್ಲಿ ಹರಟುವ ಜಾಗವೊಂದಿದೆ, ಅಲ್ಲಿ ತನ್ನ ಬಳಿಯಿದ್ದ ಹಳೆಯ ಸಹಿ, ಈ ಹೊಸ ಸಹಿ ಎರಡರ ಚಿತ್ರವನ್ನೂ ಪಕ್ಕಪಕ್ಕ ಹಾಕಿ, ಓಕ್ಸ್ ಮನೆಗೆ ಕಾರ್ಡು ಕಳಿಸಬೇಡಿ ಎಂದು ಡಂಗುರ ಹೊಡೆದನಂತೆ, ಸಿಟ್ಟಿಗೆ ನಾನು ಅತ್ತ ನೋಡಲೂ ಇಲ್ಲ. ಅಂಚೆ ನಿಂತೇಹೋಯಿತು. ಅಪ್ಪ ದಿನಾ ಮಧ್ಯಾಹ್ನ ಪೆಟ್ಟಿಗೆಯ ತನಕ ಹೋಗಿ, ವಿದ್ಯುತ್ ಬಿಲ್ಲು ಹಿಡಿದುಕೊಂಡು ಬರುತ್ತಿದ್ದ. ಮೇಜಿನ ಮುಂದೆ ಕೂತು ಹಳೆಯ ಕಾಗದಗಳ ಹಿಂಬದಿಯಲ್ಲಿ ತನ್ನ ಹೆಸರನ್ನೇ ಬರೆದು ನೋಡುತ್ತಿದ್ದ. ಒಂದು ದಿನ ಗಡ್ಡ ಹೆರೆಯುವುದನ್ನೂ ಬಿಟ್ಟ. ನನಗೆ ಹೆದರಿಕೆಯಾಯಿತು.

ಆಗ ಅಪ್ಪನ ಹಳೇ ಪರಿಚಯದ ಹಾರ್ಲನ್ ಪ್ರೀಸ್ ಫೋನು ಮಾಡಿದ. ಕೊಕೊಮೊದ ಅಗ್ನಿಶಾಮಕ ದಳದವರ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ಕಾರ್ಡು ಸಂತೆ ನಡೆಸುವವನು ಅವನು, ಹೊಟ್ಟೆ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ವರ್ಲಿನ್ ಬಂದು ಎಲ್ಲರ ಕಣ್ಣೆದುರು ಸಹಿ ಹಾಕಲಿ ಎಂದು ಅವನ ಸಲಹೆ. ಸಹಿಗಳ ಅಸಲಿತನ ಪರೀಕ್ಷಿಸುವ ಕಂಪನಿಯಿಂದ ಒಬ್ಬಾಕೆ ಬಂದಿರುತ್ತಾಳೆ, ಪೆನ್ನಿನ ತುದಿ ನೋಡುತ್ತಾ ಪಕ್ಕದಲ್ಲೇ ಕೂತು ಪ್ರತಿ ಕಾರ್ಡಿಗೂ ಬೆಳ್ಳಿ ಬಣ್ಣದ ಚೀಟಿ ಅಂಟಿಸುತ್ತಾಳೆ, ಆಮೇಲೆ ಯಾವ ಡ್ವೈಟನೂ ಉಸಿರೆತ್ತುವಂತಿಲ್ಲ. ನಾನು ಬೇಡವೆಂದೆ. ಎಲ್ಲರೆದುರು ಅಪ್ಪ ತಬ್ಬಿಬ್ಬಾದರೆ, ತನ್ನ ಹೆಸರೇ ಮರೆತು ಕೂತರೆ ಎಂಬ ಹೆದರಿಕೆ ನನಗೆ. ಆದರೆ ಅಪ್ಪ ಆಗಲೇ ಟೋಪಿ ಹುಡುಕುತ್ತಿದ್ದ.

ಸಭಾಂಗಣದ ತುಂಬ ಮೇಜುಗಳು, ಮೇಜಿನ ತುಂಬ ಕಾರ್ಡುಗಳು, ಕರಿದ ಹಂದಿಮಾಂಸದ ಸ್ಯಾಂಡ್‌ವಿಚ್ಚಿನ ಘಾಟು. ಕಾರ್ಡು ಹಿಡಿಯುವ ಗಂಡಸರು ಕೂಸನ್ನು ಎತ್ತಿಕೊಂಡಷ್ಟು ಜೋಪಾನವಾಗಿ ನಡೆಯುತ್ತಾರೆ, ಮನೆಯಲ್ಲಿ ನಿಜವಾದ ಕೂಸನ್ನು ಹೀಗೆ ಎತ್ತಿಕೊಂಡಿದ್ದರೋ ಇಲ್ಲವೋ. ನಾವು ಒಳಗೆ ಕಾಲಿಡುತ್ತಲೇ ಮಾತುಗಳು ತಗ್ಗಿದವು. ಹಾರ್ಲನ್ ಮಾತ್ರ ತೋಳು ಚಾಚಿಕೊಂಡು ಬಂದ.

"ಏನಯ್ಯಾ ವರ್ಲಿನ್, ಆಡೋ ಕಾಲ್ದಲ್ಲಿ ನಿನ್ನ ಚೆಂಡು ಒಂದಿನಾನೂ ತಿರುಗ್ಲಿಲ್ಲ, ಈಗ ಸಹಿ ತಿರುಗ್ತಾ ಇದೆಯಂತೆ?"

ಅಪ್ಪ ನಕ್ಕ. ನಾನು ನಗಲಿಲ್ಲ, ಹಾರ್ಲನ್‌ನ ಹೊಟ್ಟೆಗೆ ಮೊಣಕೈಯಿಂದ ತಿವಿಯುವ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡೆ.

ಕಂಪನಿಯ ಹೆಂಗಸಿನ ಹೆಸರು ಕೋರಿನ್. ಕನ್ನಡಕ ಸರಿಮಾಡಿಕೊಂಡು ಅಪ್ಪನ ಬಲಗಡೆ ಕೂತಳು. ನಾನು ಎಡಗಡೆ. ಮೊದಲನೆಯ ಕಾರ್ಡು ಮುಂದೆ ಬಂತು. ಅಪ್ಪ ಪೆನ್ನಿನ ಮುಚ್ಚಳ ತೆಗೆದು ಕಾರ್ಡಿನ ಮೇಲೆ ಹಿಡಿದು ನಿಲ್ಲಿಸಿದ. ಆ ಒಂದು ಕ್ಷಣ ಅವನು ಏನು ಬರೆಯಬೇಕೆಂದು ಯೋಚಿಸುತ್ತಿದ್ದಾನೆ ಅನ್ನಿಸಿ ನಾನು ಕುರ್ಚಿ ಹತ್ತಿರ ಎಳೆದುಕೊಂಡೆ. ಆಮೇಲೆ ಬರೆದ. ಮೊನಚು ಮೊನಚಾದ, ಎಡಕ್ಕೆ ವಾಲಿದ ಅಕ್ಷರಗಳು, ಅವನು ನನ್ನ ಶಾಲೆಯ ಅಂಕಪಟ್ಟಿಗೆ ಹಾಕುತ್ತಿದ್ದಂಥವೇ. ಕೋರಿನ್ ಚೀಟಿ ಅಂಟಿಸಿದಳು. ಎರಡನೆಯದು, ಮೂರನೆಯದು. ಅಪ್ಪನ ಭುಜ ಸಡಿಲವಾಯಿತು. ನಾನೂ ಉಸಿರು ಬಿಟ್ಟೆ.

ಅಷ್ಟರಲ್ಲಿ ಸಾಲಿನಿಂದ ಒಬ್ಬ ಮುಂದೆ ಬಂದ. ಐವತ್ತರ ಆಸುಪಾಸು, ಒಂದು ಕಾಲು ಸ್ವಲ್ಪ ಎಳೆದು ನಡೆಯುತ್ತಿದ್ದ. ಕೈಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿದ ಒಂದೇ ಒಂದು ಕಾರ್ಡು. ತಾನು ಡ್ವೈಟ್ ಸ್ಟಾಬ್ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಮೀಸೆ ತಿರುವುವ ಜಗಳಗಂಟನನ್ನು ನಿರೀಕ್ಷಿಸಿದ್ದ ನನಗೆ ಇವನನ್ನು ಕಂಡು ಇನ್ನಷ್ಟು ಸಿಟ್ಟು ಬಂತು, ಬೈಯಲು ತಯಾರಾಗಿದ್ದದ್ದೆಲ್ಲ ವ್ಯರ್ಥವಾಯಿತಲ್ಲ ಎಂದು.

ಅವನು ಅಪ್ಪನನ್ನು ಬಿಟ್ಟು ಕೋರಿನ್‌ಳನ್ನು ಮಾತಾಡಿಸಿದ. "ಮೇಡಂ, ಈ ಕಾರ್ಡು ಅಸಲಿ ಅಂತ ಪ್ಲಾಸ್ಟಿಕ್ ಹಾಕ್ಕೊಟ್ಟಿದ್ದು ನಿಮ್ಮ ಕಂಪನೀನೇ. ಈಗ ನಿಮ್ಮ ಕಣ್ಣೆದುರಿಗೇ ಇವ್ರು ಬರೀತಿರೋದು ಅಸಲಿ. ಎರಡಕ್ಕೂ ಹೋಲಿಕೇನೇ ಇಲ್ಲ. ಯಾವುದನ್ನ ನಂಬ್ಲಿ?"

ಕೋರಿನ್ ಎರಡನ್ನೂ ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು. ಹಿಂದೆ ನಿಂತವರಿಗೂ ವಿಷಯ ಹೊಳೆಯತೊಡಗಿತು. ಇಲ್ಲಿ ಕೂತ ಮುದುಕನ ಸಹಿ ನಿಜವಾದರೆ ಅವರ ಆಲ್ಬಮ್ಮುಗಳಲ್ಲಿರುವ ಹಳೆಯ ವರ್ಲಿನ್ ಓಕ್ಸ್‌ಗಳೆಲ್ಲ ಖೋಟಾ. ಒಬ್ಬ ತನ್ನ ಆಲ್ಬಮ್ ತೆರೆದು ನೋಡಿದ. ಇನ್ನೊಬ್ಬ ತನ್ನದನ್ನು ತೆರೆಯದೆ ಎದೆಗವಚಿಕೊಂಡ. ಇಷ್ಟು ದಿನ ಅಪ್ಪನೊಬ್ಬನ ಮರ್ಯಾದೆ ನೇತಾಡುತ್ತಿದ್ದ ಹಗ್ಗದಲ್ಲಿ ಈಗ ಇಡೀ ಸಭಾಂಗಣವೇ ನೇತಾಡುತ್ತಿತ್ತು.

"ಇದು ನಾನು ಹಾಕಿದ್ದಲ್ಲ," ಅಪ್ಪ ಅಂದ. ಕಾರ್ಡನ್ನು ಇನ್ನೂ ಸರಿಯಾಗಿ ನೋಡಿರಲಿಲ್ಲ. "ಆ ಕಾಲ್ದಲ್ಲಿ ನಾನು ಯಾರಿಗೂ ಹಾಕ್ಲಿಲ್ಲ."

ಯಾವುದನ್ನು ಮುಚ್ಚಿಡಲು ತಿಂಗಳಿಂದ ಒದ್ದಾಡಿದ್ದೆನೋ ಅದು ಎಲ್ಲರೆದುರು ಬಿಚ್ಚಿಕೊಳ್ಳುತ್ತಿದೆ ಅನ್ನಿಸಿತು. ಮರೆತುಬಿಟ್ಟಿದ್ದಾನೆ, ಪಾಪ, ಮರೆತಿರುವುದೂ ಅವನಿಗೆ ಗೊತ್ತಿಲ್ಲ. ಎಬ್ಬಿಸಿಕೊಂಡು ಹೋಗೋಣವೆಂದು ಅವನ ತೋಳು ಹಿಡಿದೆ.

ಡ್ವೈಟ್ ಬಗ್ಗಿ ಕಾರ್ಡನ್ನು ಅಪ್ಪನ ಎದುರಿಗಿಟ್ಟ. ಅವನ ದನಿ ಒಡೆದಿತ್ತು. "ನಂಗೆ ಒಂಬತ್ತು ವರ್ಷ ಸಾರ್. ಕಾಲಿಗೆ ಆಪರೇಷನ್ನು, ಇಡೀ ಬೇಸಿಗೆ ಮಂಚದ ಮೇಲೆ. ನೀವೇ ಬರೆದಿದ್ರಿ, ಓದಿ ನೋಡಿ."

ಸಹಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಅಪ್ಪನ ಭುಜದ ಮೇಲಿಂದ ನಾನೂ ಓದಿದೆ. ಮೊಂಡ, ಕಾಲು ದಿಂಬಿನ ಮೇಲಿಟ್ಟುಕೋ, ಅಮ್ಮನ ಮಾತು ಕೇಳು.

ಅದರ ಮೇಲಿನ ಹೆಸರನ್ನು ಮತ್ತೆ ನೋಡಿದೆ. ಓಕ್ಸ್ ಎಂಬುದರ ಮೊದಲಕ್ಷರ ಕೋಳಿಮೊಟ್ಟೆಯಷ್ಟು ದುಂಡಗೆ, ನೆತ್ತಿಯ ಮೇಲೊಂದು ಪುಟ್ಟ ಸುರುಳಿ. ಆ ಸುರುಳಿಯನ್ನು ನಾನು ದಿನಾ ಬೆಳಗ್ಗೆ ಒಲೆಯ ಮೇಲಿನ ಹಲಗೆಯಲ್ಲಿ, ಓಟ್ಸ್ ಡಬ್ಬಿಯ ಮೇಲೆ ನೋಡುತ್ತೇನೆ.

ಅಪ್ಪ ಕನ್ನಡಕ ತೆಗೆದ. ಕಾರ್ಡನ್ನು ಮೂಗಿನ ಹತ್ತಿರ ಹಿಡಿದ. ಹೆಬ್ಬೆರಳು ಪ್ಲಾಸ್ಟಿಕ್ಕಿನ ಮೇಲೆ ಆ ಸಾಲನ್ನು ಸವರಿತು, ಇನ್ನೊಮ್ಮೆ ಸವರಿತು. ಅವನಿಗೂ ಗೊತ್ತಾಯಿತೆಂದು ನನಗೆ ಗೊತ್ತಾಯಿತು. ಖಾಲಿ ವಾಪಸು ಕಳಿಸು ಅಂದಿದ್ದ. ಅಮ್ಮನಿಗೆ ಅದು ಆಗಿರಲಿಲ್ಲ. ಗಂಡ ಊರೂರು ತಿರುಗುತ್ತಿದ್ದಾಗ, ಆಮೇಲೆ ಆಟ ಬಿಟ್ಟು ಮನೆಯಲ್ಲೇ ಇದ್ದಾಗಲೂ, ಅವನ ಹೆಸರನ್ನು ತನ್ನ ಕೈಯಲ್ಲಿ ಬರೆದು ಬರೆದು ಕಳಿಸಿದ್ದಳು. ಜಗತ್ತಿಗೆ ಗೊತ್ತಿದ್ದ ವರ್ಲಿನ್ ಓಕ್ಸ್ ಅವಳೇ.

ನನ್ನ ಬಾಯಿ ತುದಿಗೆ ನಿಜ ಬಂದಿತ್ತು. ಹೇಳಿಬಿಟ್ಟರೆ ಅಪ್ಪ ಗೆದ್ದ, ನಾನೂ ಗೆದ್ದೆ. ಅವನ ನೆನಪು ಸರಿ, ಅವನ ಸಹಿ ಸರಿ. ಆದರೆ ಅಮ್ಮ ಖೋಟಾ ಸಹಿಯವಳಾಗುತ್ತಾಳೆ, ಸಂಜೆಯೊಳಗೆ ಅಂತರ್ಜಾಲದ ಆ ಕಟ್ಟೆಯಲ್ಲಿ ಅವಳ ಹೆಸರು ಹರಿದಾಡುತ್ತದೆ. ನಾನು ಅಪ್ಪನ ಮುಖ ನೋಡಿದೆ.

"ಇದು ನಂದೇ," ಅಪ್ಪ ಡ್ವೈಟನಿಗೆ ಹೇಳಿದ. "ಕೈ ನೆಟ್ಟಗಿದ್ದಾಗ ಬರ್ದಿದ್ದು. ವಯಸ್ಸಾಯ್ತಲ್ಲಪ್ಪ, ಮರ್ತೋಗಿತ್ತು. ಈಗ ಬರೋದು ಬರೀ ಕಾಗೆ ಕಾಲು."

ಸೇರಿದ್ದವರೆಲ್ಲ ಉಸಿರು ಬಿಟ್ಟರು. ಕೋರಿನ್, ವಯಸ್ಸಾದಂತೆ ಕೈಬರಹ ಬದಲಾಗುವುದು ಸಹಜವೆಂದು ಎಲ್ಲರಿಗೂ ಕೇಳುವಂತೆ ವಿವರಿಸತೊಡಗಿದಳು. ಜನ ಅಪ್ಪನನ್ನು ಕನಿಕರದಿಂದ ನೋಡಿದರು, ಮರೆವಿನ ಮುದುಕ ಎಂದು. ಆ ನೋಟ ಅವನ ಮೇಲೆ ಬೀಳದಿರಲಿ ಎಂದೇ ನಾನು ಇಷ್ಟು ದಿನ ಹೆಣಗಿದ್ದು. ಅವನು ಅದನ್ನು ತಾನಾಗಿಯೇ ಮೈಮೇಲೆ ಹಾಕಿಕೊಂಡು ಕೂತಿದ್ದ. ನನಗೆ ಅಳುವೂ ಬಂತು, ಅಮ್ಮನ ಮೇಲೆ ಕೋಪವೂ ಬಂತು.

ಡ್ವೈಟ್ ಚೀಟಿ ಬರೆದದ್ದಕ್ಕೆ ಕ್ಷಮೆ ಕೇಳಿದ, ನನ್ನನ್ನೂ ಕೇಳಿದ. ಆದದ್ದಾಯಿತು ಅಂದೆ. ಅಪ್ಪ ಆ ಹಳೆಯ ಕಾರ್ಡನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

"ಇನ್ನೊಂಚೂರು ಹೊತ್ತು ಇಟ್ಕೊಳ್ಲಾ?" ಎಂದು ಕೇಳಿದ. ಡ್ವೈಟ್ ತಲೆಯಾಡಿಸಿದ. ಸಾಲು ಮುಗಿಯುವ ತನಕ ಅದು ಅಪ್ಪನ ಎಡಗೈಯಲ್ಲೇ ಇತ್ತು, ಬಲಗೈ ಕಾಗೆ ಕಾಲು ಬರೆಯುತ್ತಿತ್ತು. ವಾಪಸು ಕೊಡುವಾಗ ಅಪ್ಪ ಒಂದು ಮಾತು ಕೊಟ್ಟ. ಡ್ವೈಟ್ ತಿರುಗಿ ಕಳಿಸಿದ ಹೊಸ ಕಾರ್ಡು ಮನೆಯಲ್ಲೇ ಇದೆ, ಕೈ ಸ್ವಲ್ಪ ಹದಕ್ಕೆ ಬಂದ ಮೇಲೆ ಅದರ ಹಿಂಬದಿಯಲ್ಲಿ ಹಳೆಯದರ ಹಾಗೇ ಇನ್ನೊಮ್ಮೆ ಬರೆದು ಕಳಿಸುತ್ತೇನೆ ಎಂದು.

ಮನೆಯ ದಾರಿಯಲ್ಲಿ ಎರಡೂ ಕಡೆ ಜೋಳದ ಹೊಲ. ಟ್ರಕ್ಕನ್ನು ನಾನು ಓಡಿಸುತ್ತಿದ್ದೆ. ಅಪ್ಪ ಕಿಟಕಿಯ ಕಡೆ ನೋಡುತ್ತಲೇ ಮಾತಾಡಿದ.

"ಆ ಡಾಕ್ಟ್ರಿಗೆ ಬರಲ್ಲ ಅಂತ ಹೇಳ್ಬಿಡು. ನೀನು ಫೋನಲ್ಲಿ ಪಿಸುಗುಟ್ಟೋದು ಗ್ಯಾರೇಜಿಗೂ ಕೇಳ್ಸುತ್ತೆ ಕಣೇ. ನಾನು ಮರ್ತಿರ್ಲಿಲ್ಲ. ನಾನು ಹಾಕೇ ಇರ್ಲಿಲ್ಲ."

"ಟ್ರಕ್ಕು ಮರ್ತಿದ್ದೆ ನೀನು," ಅಂದೆ.

"ಹಿಮದಲ್ಲಿ ಎಲ್ಲಾ ಟ್ರಕ್ಕೂ ಬೆಳ್ಳಗೇ ಕಾಣ್ಸುತ್ತೆ," ಅಂದ. ಆಮೇಲೆ, "ನಂಗ್ಯಾಕೆ ಹೇಳ್ಲಿಲ್ಲ ಅವ್ಳು?" ಎಂದು ಕೇಳಿದ. ಹೇಳಿದ್ದರೆ ಅವನು ಕೂಗಾಡುತ್ತಿದ್ದ ಎಂಬುದು ಇಬ್ಬರಿಗೂ ಗೊತ್ತಿತ್ತು. ಡಾಕ್ಟರ ವಿಷಯಕ್ಕೆ ಮಾತ್ರ ನಾನು ಹೂಂ ಅನ್ನಲಿಲ್ಲ. ಒಲೆ ಆರಿಸದೆ ಮಲಗಿದ್ದು ನನ್ನ ತಲೆಯಿಂದ ಇನ್ನೂ ಹೋಗಿರಲಿಲ್ಲ.

ಮರುದಿನ ಕೆಲಸ ಮುಗಿಸಿ ಬಂದಾಗ ಅಡುಗೆಮನೆಯಲ್ಲಿ ಪೌಡರಿನ ಘಮ. ಅಪ್ಪ ಗಡ್ಡ ಹೆರೆದುಕೊಂಡಿದ್ದ. ಮೇಜಿನ ಮೇಲೆ ಓಟ್ಸ್ ಡಬ್ಬಿ, ಪಟ್ಟಿ ಅವನ ಕಡೆಗೆ ತಿರುಗಿಸಿಟ್ಟಿತ್ತು. ಮುಂದೆ ಕಾಗದದ ರಾಶಿ, ಎಲ್ಲದರ ಮೇಲೂ ದುಂಡಗಿನ ಅಕ್ಷರಗಳು, ಕೆಲವು ಕುಂಬಳಕಾಯಿಯಂತೆ ಸೊಟ್ಟ, ಕೆಲವು ಬಾಲ ಬಿಟ್ಟುಕೊಂಡವು. ಡ್ವೈಟನ ಕಾರ್ಡು ಹಿಂಬದಿಯ ಹೊಳಪು ಕಳೆದುಕೊಂಡು ಪಕ್ಕದಲ್ಲಿ ಕಾಯುತ್ತಿತ್ತು. ಎಪ್ಪತ್ತು ದಾಟಿದ ಗಂಡಸು ಹಲ್ಲು ಕಚ್ಚಿಕೊಂಡು ತನ್ನದೇ ಹೆಸರನ್ನು ಹೆಂಡತಿಯ ಕೈಬರಹದಲ್ಲಿ ಬರೆಯಲು ಕಲಿಯುತ್ತಿದ್ದ.

ನನ್ನನ್ನು ಕಂಡು ಪೆನ್ನೆತ್ತಿದ. "ಈ ಸುರುಳಿ ಬರ್ತಾನೇ ಇಲ್ಲ, ಟ್ವೈಲಾ. ಎಡಗಡೆಯಿಂದ ಶುರು ಮಾಡ್ತಿದ್ಳಾ, ಬಲಗಡೆಯಿಂದ್ಲಾ?"

ನನಗೆ ಅಕ್ಷರ ಕಲಿಸಿದ್ದು ಅಮ್ಮ, ಇದೇ ಮೇಜಿನ ಮೇಲೆ, ನನ್ನ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಹಿಡಿದು. ಕೈ ತೊಳೆದುಕೊಂಡು ಬಂದು ಅಪ್ಪನ ಪಕ್ಕ ಕೂತೆ.

"ಬಲಗಡೆಯಿಂದ," ಅಂದೆ. ಅಪ್ಪ ಹೊಸ ಹಾಳೆ ತೆಗೆದುಕೊಂಡು ಮೊದಲಿನಿಂದ ಬರೆದ.